ಕವರ್ ಒಡೆಯುವ ತನಕ

ಮಹಾಲಕ್ಷ್ಮೀ ಅತ್ತಿಗೆ, ಕಾವ್ಯಾ, ನಮ್ಮ ಕಚೇರಿಯ ಮುಖ್ಯಸ್ಥರಾದ ಇಇ ಸಾಹೇಬರೇ, ನಾಗರಾಜಪ್ಪನವರನ್ನು ನೆನೆಯಲು ಸಾಗರ, ಹೊಸನಗರ, ತೀರ್ಥಹಳ್ಳಿಯಿಂದ ಬಂದ ಬಂಧುಗಳೇ — ಎಲ್ಲರಿಗೂ ನಮಸ್ಕಾರ. ಮೈಕ್ ಬೇಡ, ತೆಗೆಯಿರಿ. ನಾಟಕದಲ್ಲಿ ಬೆಳೆದ ಗಂಟಲು ಇದು. ಇವತ್ತು ಅದು ಗೇಟಿನ ತನಕ ಕೇಳಬೇಕು. ಯಾಕೆಂದು ಕೊನೆಗೆ ಹೇಳುತ್ತೇನೆ.

ಮೂರು ತಾಲ್ಲೂಕಿಗೆ ನೀರು ಕೊಡುವ ಕಚೇರಿ ನಮ್ಮದು. ಆದರೆ ಸರ್ವೆ, ನಕ್ಷೆ, ಅಂದಾಜು ಮಾಡಿಕೊಡುವವರು ಖಾಸಗಿ ಕನ್ಸಲ್ಟೆಂಟ್‌ಗಳು. ಅವರನ್ನು ಆರಿಸುವ ಸಮಿತಿಯಲ್ಲಿ ನಾಗರಾಜಪ್ಪ ಇಂಜಿನಿಯರ್, ನಾನು ಲೆಕ್ಕಪತ್ರದವನು. ಪ್ರತಿ ಸಂಸ್ಥೆಯಿಂದ ಎರಡು ಕವರ್. ಒಂದರಲ್ಲಿ ಅವರ ಅನುಭವ, ಇನ್ನೊಂದರಲ್ಲಿ ಅವರ ದರ. ಮೊದಲನೆಯದಕ್ಕೆ ಅಂಕ ಕೊಟ್ಟ ಮೇಲೆಯೇ ಎರಡನೆಯದನ್ನು ಒಡೆಯಬೇಕು.

ಒಮ್ಮೆ ದೊಡ್ಡ ಊರಿನ ಸಂಸ್ಥೆಯೊಂದು ಬಂತು. ಪ್ರೊಜೆಕ್ಟರ್ ಹಾಕಿ ಗೋಡೆ ತುಂಬ ತಜ್ಞರ ಫೋಟೋ! ಕೋಟು, ಟೈ, ಹೊಳೆಯುವ ಹಲ್ಲು! ನಾಗರಾಜಪ್ಪ ನಿಧಾನಕ್ಕೆ ಎದ್ದರು — ಹೀಗೆ — ಬೆರಳು ಚಾಚಿ ಕೇಳಿದರು: "ಈ ಫೋಟೋದಾಗೆ ಇರೋರಲ್ಲಿ ಹೊಸನಗರಕ್ಕೆ ಬರೋರು ಯಾರ್ರೀ?"

"ಸರ್... ಫೋಟೋದಲ್ಲಿ ಇರೋರು ಯಾರೂ ಬರಲ್ಲ..."

"ಹಂಗಾರೆ ಬರೋರ ಫೋಟೋ ತೋರ್ಸಿ ಮಾರಾಯ್ರೆ!"

ನಗಿ, ನಗಿ. ಅವರಿಗೂ ಅದೇ ಇಷ್ಟ.

ಆದರೆ ಸಮಿತಿಯ ಆ ಕುರ್ಚಿಗೆ ಅವರು ತೆತ್ತದ್ದು ಏನು ಗೊತ್ತೇ? ಶ್ರೀನಾಥರನ್ನು. ರಿಪ್ಪನ್‌ಪೇಟೆಯ ಕನ್ಸಲ್ಟೆಂಟ್ ಶ್ರೀನಾಥ್, ಅವರ ಬಾಲ್ಯದ ಗೆಳೆಯ. ಶ್ರೀನಾಥರ ಕವರ್ ನಮ್ಮ ಕಚೇರಿಗೆ ಬಂತೆಂದರೆ ಮುಗಿಯಿತು — ಮಾತಿಲ್ಲ, ಫೋನಿಲ್ಲ. ಒಮ್ಮೆ ರಿಪ್ಪನ್‌ಪೇಟೆಯಲ್ಲಿ ನಮ್ಮ ಬಸ್ ನಿಂತಿದೆ. ಶ್ರೀನಾಥ್ ಎರಡು ಲೋಟ ಟೀ ಹಿಡಿದು ಕಿಟಕಿಗೆ ಬಂದರು.

"ಏ ನಾಗ, ತಗಳಾ, ಬಿಸಿ ಇದೆ."

"ಕವರ್ ಒಡೆಯೋ ತನಕ ನೀನು ಯಾರೋ, ನಾನು ಯಾರೋ. ಹೋಗಾ!"

"ಹೋಗ್ಲಿ ಬಿಡು, ಎರಡೂ ನಾನೇ ಕುಡೀತೀನಿ!"

ಕುಡಿದರು ಕೂಡ, ಅಲ್ಲೇ ನಿಂತು! ಬಸ್ ಹೊರಟಿತು. ಪಕ್ಕದಲ್ಲಿ ಕುಳಿತು ನಾನು ನೋಡಿದೆ — ತಿರುವು ಬರುವ ತನಕ ನಾಗರಾಜಪ್ಪ ಹಿಂದಕ್ಕೇ ನೋಡುತ್ತಿದ್ದರು.

ಅದು ಮುಗಿದರೆ ಇನ್ನೊಂದು ಟೆಂಡರ್. ನಾಗರಾಜಪ್ಪನವರ ಮಗಳು ಕಾವ್ಯಾಳ ಮದುವೆಯ ದಿನವೂ ಶ್ರೀನಾಥರ ಕವರ್ ನಮ್ಮ ಬೀರುವಿನಲ್ಲಿತ್ತು. ನೆನಪಿದೆಯಾ ಮಗಳೇ? ಶ್ರೀನಾಥ್ ರಸ್ತೆಯಾಚೆ ನಿಂತೇ ಅಕ್ಷತೆ ಎಸೆದರು. ನಡುವೆ ಒಂದು ಲಾರಿ ಹೋಯಿತು.

ನಾನು ಹೇಳಿದ್ದೆ: "ಸಾರ್, ಸ್ನೇಹಿತ ಅಂತ ಬರೆದುಕೊಟ್ಟು ಸಮಿತಿಯಿಂದ ಹೊರಗೆ ಬನ್ನಿ. ನಿಯಮದಲ್ಲಿ ಅವಕಾಶ ಇದೆ."

"ನಾನು ಎದ್ರೆ 'ಬರೋರು ಯಾರು' ಅಂತ ಕೇಳೋರು ಯಾರಿದಾರೆ?" ಎಂದರು. ಆಮೇಲೆ ಒಬ್ಬರೇ ಬುತ್ತಿ ಬಿಚ್ಚಿದರು. ಯಾವಾಗಲೂ ಒಬ್ಬರೇ.

ಕಳೆದ ವಾರ ನಾಗರಾಜಪ್ಪನವರ ಎದೆಬಡಿತ ನಿಂತಾಗಲೂ ಶ್ರೀನಾಥರ ಕವರ್ ನಮ್ಮಲ್ಲೇ ಇತ್ತು. ಈಗಲೂ ಇದೆ. ಸಭೆ ನಾಳೆ. ಗೆಳೆಯರಿಬ್ಬರೂ ಮಾತಾಡದೆಯೇ — ಮುಗಿಯಿತು.

ಈಗ ಹಿಂದೆ ತಿರುಗಿ ನೋಡಿ. ಗೇಟಿನ ಹೊರಗೆ, ಹೂವಿನ ಹಾರ ಹಿಡಿದು ನಿಂತವರು ಅವರೇ. ನಾವು ಸಮಿತಿಯವರು ಒಳಗಿದ್ದೇವೆಂದು ಒಳಗೆ ಬರುತ್ತಿಲ್ಲ. ಸತ್ತ ಗೆಳೆಯನ ನಿಯಮ ಪಾಲಿಸುತ್ತಿದ್ದಾರೆ.

ಇಇ ಸಾಹೇಬರೇ, ಎಲ್ಲರ ಮುಂದೆ ಹೇಳುತ್ತಿದ್ದೇನೆ: ಈ ಮನುಷ್ಯನನ್ನು ಈಗ ಹೆಸರು ಹಿಡಿದು ಒಳಗೆ ಕರೆಯುವವನು ನಾನು, ಆದ್ದರಿಂದ ನಾಳೆಯ ಸಮಿತಿಯಲ್ಲಿ ನಾನು ಕೂರುವುದಿಲ್ಲ. ಇವತ್ತೇ ಬರೆದುಕೊಡುತ್ತೇನೆ. ಅಂಕ ಉಳಿದವರು ಹಾಕಲಿ, ಕೆಲಸ ಯಾರಿಗಾದರೂ ಸಿಗಲಿ. 'ಬರೋರು ಯಾರು' ಅನ್ನುವ ಆ ಪ್ರಶ್ನೆ ಕೇಳಲು ನಮ್ಮ ಹೊಸ ಇಂಜಿನಿಯರ್ ಭವ್ಯಾ ಇದ್ದಾರೆ. ಕೇಳ್ತೀರಲ್ಲಮ್ಮ? — ಕೇಳ್ತಾರೆ.

ಶ್ರೀನಾಥ್! ಶ್ರೀನಾಥ್, ಒಳಗೆ ಬನ್ನಿ! ಅತ್ತಿಗೆಯ ಪಕ್ಕದ ಕುರ್ಚಿ ನಿಮ್ಮದು.

ಯಾರೂ ಈಗಲೇ ಏಳಬೇಡಿ. ಅವರು ನಡೆದು ಬರಲಿ... ದಾರಿ ಬಿಡಿ... ಗೆಳೆಯನ ಫೋಟೋಕ್ಕೆ ಹಾರ ಹಾಕಲಿ.

ಹಾಂ. ಈಗ ಎಲ್ಲರೂ ಎದ್ದು, ಅವರ ಜೊತೆಗೆ ನಿಲ್ಲೋಣ. ಮಾತು ಸಾಕು.