ಕರೀ ಬಿಲ್ಲಿಗೆ ಊದಿದ್ದು ಯಾರು?

ನಗೂದಿದ್ರ ಈಗ ನಕ್ಕು ಮುಗಿಸ್ರಿ. ಇದು ನಮ್ಮ ಕಾಕಾನ ಮಗ ಮಾಲತೇಶಗ ಉಣಕಲ್‌ದಾಗ ಆದದ್ದು.

ಸರಹೊತ್ತಿನ್ಯಾಗ ಅಂವ ಹಾಳು ಬಾವಿ ದಾಟಿ ಮನಿಗೆ ಹೊಂಟಿದ್ದ. ಹೆಗಲ ಮ್ಯಾಲ ಆಕ್ಸಿಜನ್ ಮಷೀನ. ನವನಗರದಾಗ ತೀರಿಕೊಂಡ ಶಿವಲಿಂಗವ್ವ ಅನ್ನೋ ಮುದುಕಿದು. ಅಕಿ ಮಗ ಸುಮ್ನ ಕೊಟ್ಟು ಕಳಿಸಿದ್ದ. ಮನ್ಯಾಗ ಮಾಲತೇಶನ ಅವ್ವ ರೇಣವ್ವಗ ದಮ್ಮು ಏರಿತ್ತು. ಇದ್ದ ಸಣ್ಣ ಸಿಲಿಂಡರ್ ಮುಗಿಯಾಕ ಬಂದಿತ್ತು.

ಬಾವಿ ಹತ್ರ, ಬೆನ್ನ ಹಿಂದ... ಹುಸ್ಸ್... ಹುಸ್ಸ್...

ಗೆಳ್ಯಾನ ಚ್ಯಾಷ್ಟಿ ಅಂತ ತಿಳದು ಮಾಲತೇಶ ಒದರಿದ, "ಲೋಹಿತ್ಯಾ, ಹೊರಗ ಬಾರಲೇ ಮಂಗ್ಯಾ! ಇವತ್ತ ಹುಡುಗಾಟ ಬ್ಯಾಡ."

ಯಾರೂ ಬರಲಿಲ್ಲ. ಮನಿಗೆ ಬಂದ್ರ ಗೆಳ್ಯಾ ಲೋಹಿತ ರೇಣವ್ವನ ಮಗ್ಗಲಕ್ಕ ಕುಂತಾನ!

"ಯಾವಾಗ ಬಂದಿ?"

"ಸಂಜಿಂದ ಇಲ್ಲೇ ಅದೀನಿ. ಯಾಕಲೇ?"

ಮಾಲತೇಶ ನಂಬಲಿಲ್ಲ. ಹಿಂದೊಮ್ಮೆ ಹುಣಸಿಗಿಡದಾಗ ಮೊಬೈಲ್ ಕಟ್ಟಿ ದೆವ್ವದ ನಗಿ ಹಚ್ಚಿದ ಮಗ ಇವನ.

ಮಷೀನಿಗೆ ಕರೆಂಟ್ ಕೊಟ್ರು. ಟಿಕ್... ಅಷ್ಟ. ರಿಪೇರಿ ಕೆಲಸ ಬಲ್ಲ ಮಾಲತೇಶ ಬಿಚ್ಚಿ ನೋಡಿದ್ರ, ಪವರ್ ಸಪ್ಲೈ ಒಳಗ ಅಂಗಿ ಗುಂಡಿಯಷ್ಟು ಕರೀ ಬಿಲ್ಲಿ. ಒಂದು ಕಾಲಿನ ಬೆಸುಗಿ ಬಿಟ್ಟಿತ್ತು. ಮ್ಯಾಲ ಒಂದಕ್ಷರ ಇಲ್ಲ.

"ಇದನ್ನೂ ನೀನ ತುರುಕಿಯೇನಲೇ?"

"ಮಷೀನ ಮುಟ್ಟೇ ಇಲ್ಲೋ ಯಪ್ಪಾ!"

"ಏನಂತ ತಿಳೀದ ಬೆಸದ್ರ ಇದ್ದದ್ದೂ ಸುಟ್ಟು ಹೊಕ್ಕೈತಿ."

ಬಿಲ್ಲಿ ಬಿಚ್ಚಿ ಮೀಟರಿನ ಕ್ಲಿಪ್ ಹಚ್ಚಿದ. ಎರಡು ಬೆರಳಾಗ ಹಿಡಿದ. ಅಂಕಿ ಇಳೀತು. ಬಿಟ್ಟ. ಏರಿತು.

"ಥರ್ಮಿಸ್ಟರ್ ಲೇ! ಬಿಸಿ ತಾಗಿದ್ರ, ಬರೇ ಬಾಯಿಂದ ಊದಿದ್ರೂ, ಅಂಕಿ ಇಳೀತೈತಿ. ಬಿಲ್ಲಿ ಛಲೋನ ಐತಿ, ಬೆಸುಗಿ ಅಷ್ಟ ಹೋಗೇತಿ."

ಬಿಲ್ಲಿ ಮೀಟರಿನ ಕ್ಲಿಪ್ಪಿನಾಗ ಬಿಟ್ಟು ಬೆಸಿಯೂ ಕಡ್ಡಿ ದೂರ ಕಾಯಾಕ ಇಟ್ಟ. ಆಗ... ಅಂಕಿ ತಾನ ಇಳೀತು. ಏರಿತು. ಇಳೀತು.

"ಊದಬ್ಯಾಡಲೇ."

"ನಾ ಎಲ್ಲಿ ಊದೀನೋ?"

ಮಾಲತೇಶ ಅವನ್ನ ಹೊರಗ ದಬ್ಬಿ ಕದ ಹಾಕಿದ. ತಾನೂ ಉಸಿರು ಬಿಗಿ ಹಿಡಿದ. ರೇಣವ್ವ ದೂರ, ಹಾಸಿಗ್ಯಾಗ.

ಇಳೀತು... ಏರಿತು... ಯಾರೋ ಬಗ್ಗಿ, ಸಾವಕಾಶ ಊದಿದಂಗ.

ಅಷ್ಟರಾಗ ಸಿಲಿಂಡರಿನ ಸಪ್ಪಳ ನಿಂತೇ ಬಿಡ್ತು. ಅಂಜಾಕ ಹೊತ್ತಿಲ್ಲ. ಬಿಲ್ಲಿ ಬೆಸದ. ಸ್ವಿಚ್ ಹಾಕಿದ.

ಗುರ್ರ್ರ್... ಹುಸ್ಸ್... ಹುಸ್ಸ್...

ಬಾವಿ ಹತ್ರ ಕೇಳಿದ್ದು ಇದ ಸಪ್ಪಳ. ರೇಣವ್ವನ ನೀಲಿ ತುಟಿಗೆ ಬಣ್ಣ ಬಂತು. ಕಣ್ಣು ಮುಚ್ಚೇ ಪಿಸುಗುಟ್ಟಿದ್ಲು, "ತಮ್ಮಾ... ಶಿವಲಿಂಗವ್ವಗ ಇನ್ನ ಕುಂದರಾಕ ಹೇಳು. ಬಾವಿಯಿಂದ ಊದಿಕೋತ ಬಂದು ದಣದಾಳ."

ಮಷೀನ ಯಾರದಂತ ಮಾಲತೇಶ ಮನ್ಯಾಗ ಬಾಯಿ ಬಿಟ್ಟಿರಲೇ ಇಲ್ಲ.

ಖರೇನ ಹೇಳಾಕತ್ತೇನಿ. ಬೇಕಾದ್ರ ಹೋಗಿ ನೋಡ್ರಿ. ರೇಣವ್ವನ ಹಾಸಿಗಿ ಮಗ್ಗಲಕ್ಕ ಇವತ್ತಿಗೂ ಒಂದು ಖಾಲಿ ಕುರ್ಚಿ ಐತಿ. ಲೋಹಿತ ಸೈತ ಅದರ ಮ್ಯಾಲ ಕುಂದ್ರೂದಿಲ್ಲ.