ಮೇಲಿನ ಮನೆಗೆ ಹತ್ತದ ತ್ಸೀರೆಲ್

ನಗಬೇಡಿ. ಇದು ನಮ್ಮ ಚಿಕ್ಕಪ್ಪನ ಮಗ ಅಮ್ನೋನ್‌ಗೇ ಆದದ್ದು. ಜೆರುಸಲೇಮಿನಲ್ಲೇ, ದೇಶ ಹುಟ್ಟಿದ ಹೊಸತರ ರೇಷನ್ ಕಾಲದಲ್ಲಿ.

ಅವತ್ತು ಅವನು ಕೆಲಸಕ್ಕಿದ್ದ ಪತ್ರಿಕೆ ಕಚೇರಿಯಿಂದ ಹೊರಟಾಗ ಬಹಳ ಹೊತ್ತಾಗಿತ್ತು. ವಠಾರದ ಅಂಗಳದಲ್ಲಿ ಮಳೆನೀರಿನ ಬಾವಿ. ಅದರ ಪಕ್ಕ ಬರುವಾಗ ಹಿಂದೆ ಸದ್ದು... ಟಕ್. ಟಕ್. ಮರದ ಅಟ್ಟೆಯ ಚಪ್ಪಲಿ ಕಲ್ಲಿಗೆ ಬಡಿದ ಸದ್ದು. ತಿರುಗಿದ. ಯಾರೂ ಇಲ್ಲ. ಅದೇನೂ ಅವನಿಗೆ ಹೊಸದಲ್ಲ. ದಿನಾ ರಾತ್ರಿ ಆ ಸದ್ದು ಮೆಟ್ಟಿಲು ಹತ್ತಿ, ಅವನ ಬಾಗಿಲು ದಾಟಿ, ಮೇಲಿನ ಮನೆಯ ಫ್ರೂಮಾಳ ಬಾಗಿಲಿಗೆ ಹೋಗುತ್ತಿತ್ತು. ಚಿಲಕ ತೆಗೆದದ್ದು ಕೇಳುತ್ತಿತ್ತು. ಆಮೇಲೆ ಬೆಳಗಿನವರೆಗೂ ಫ್ರೂಮಾಳ ಪಿಸುಮಾತು.

ಫ್ರೂಮಾ ಜರ್ಮನರ ಶಿಬಿರದಿಂದ ಬದುಕಿ ಬಂದವಳು. ಅಲ್ಲಿ ಮಗಳು ತ್ಸೀರೆಲ್‌ಳನ್ನು ಕೈಯಿಂದ ಕಿತ್ತುಕೊಂಡರು. ಮುಂದೇನಾಯಿತೋ ಯಾರಿಗೂ ಗೊತ್ತಿಲ್ಲ. "ರಾತ್ರಿ ಬರ್ತಾಳೆ. ಹಗಲು ಎಲ್ಲಿರ್ತಾಳೋ, ಅದೇ ಸಿಗ್ತಿಲ್ಲ," ಅನ್ನುವಳು. 'ಸತ್ತಳು' ಅನ್ನುವ ಮಾತನ್ನು ಅವಳೆದುರು ಯಾರೂ ಎತ್ತುವ ಹಾಗಿರಲಿಲ್ಲ.

ಫ್ರೂಮಾ ಈ ವಠಾರಕ್ಕೆ ಬರುವ ತನಕ ಅಮ್ನೋನ್ ಬಾದಾಮಿ ಹೂವು, ಹುಡುಗಿಯರು ಅಂತ ಪದ್ಯ ಬರೆದುಕೊಂಡು ಹಾಯಾಗಿದ್ದವ. ಅವಳೇ ಅವನನ್ನು ಕೆಡಿಸಿದ್ದು. "ಕವಿರಾಯ, ಹೂವು ಸಾಕು ಕಣೋ. ಬಾ, ಉಪ್ಪುಮೀನಿದೆ, ತಿಂತಾ ನಮ್ಮ ಕಥೆ ಕೇಳು." ಅವಳಾದ ಮೇಲೆ ಅವಳಂತೆ ಶಿಬಿರದಿಂದ ಬಂದ ಇನ್ನೊಬ್ಬರು, ಮತ್ತೊಬ್ಬರು... ಅವರು ಹೇಳಿದ್ದು ಬಿಟ್ಟರೆ ಬೇರೇನೂ ಅವನಿಗೆ ಬರೆಯಲಾಗದೆ ಹೋಯಿತು.

ತ್ಸೀರೆಲ್ ಮೇಲೂ ಬರಿ ಅಂತ ಫ್ರೂಮಾಳೇ ಕೇಳಿದ್ದು. "ಹೆಸರು ಅಚ್ಚಾದ್ರೆ ಯಾರಾದ್ರೂ ನೋಡ್ತಾರೆ. ಇಂಥಾ ಕಡೆ ಇದ್ದಾಳೆ ಅಂತ ಹೇಳಿಕಳಿಸ್ತಾರೆ."

ಬರೆದ. ಹೆಸರಿನ ಪಕ್ಕ ಅವನ ಕೈ ತನ್ನಷ್ಟಕ್ಕೆ 'ಅವಳ ನೆನಪು ಆಶೀರ್ವಾದವಾಗಲಿ' ಅಂತ ಸೇರಿಸಿಬಿಟ್ಟಿತ್ತು. ಸತ್ತವರ ಹೆಸರಿಗೆ ನಾವು ಯೆಹೂದಿಗಳೆಲ್ಲ ಸೇರಿಸುವ ಮಾತು ಅದು. ಅಷ್ಟು ಜನ ಸತ್ತವರನ್ನು ಬರೆದ ಕೈ, ಇನ್ನೇನು ಮಾಡೀತು? ಮೊದಲು ಹೇಳಿದೆನಲ್ಲ, ಆ ರಾತ್ರಿ ಕಚೇರಿಯಲ್ಲಿ, ಅಚ್ಚಾದ ಮೇಲೆ, ಅದು ಅವನ ಕಣ್ಣಿಗೆ ಬಿತ್ತು. ಪತ್ರಿಕೆಯ ಕಟ್ಟುಗಳು ಆಗಲೇ ಬಸ್ಸು ಹತ್ತಿದ್ದವು.

ಮನೆಯೊಳಗೆ ಬಂದು ಬಾಗಿಲು ಹಾಕಿದ. ಟಕ್... ಟಕ್... ಸದ್ದು ಹಿಂದೆಯೇ ಬಂತು. ಅವನ ಬಾಗಿಲ ಮುಂದೆ ನಿಂತಿತು.

ಮೇಲೆ ಚಿಲಕ ತೆಗೆದ ಸದ್ದು. ಫ್ರೂಮಾ ಕಾಯುತ್ತಿದ್ದಾಳೆ.

ಬಾಗಿಲು ತೆರೆದ. ಖಾಲಿ. ಆದರೆ ಯಾರೋ ಉಸಿರಾಡುತ್ತಿದ್ದರು, ನೆಗಡಿಯಾದ ಮಗುವಿನ ಹಾಗೆ, ಗೊರ್... ಗೊರ್...

"ಮೇಲೆ ಹೋಗಮ್ಮ," ಅಂತ ಪಿಸುಗುಟ್ಟಿದ. "ಅಮ್ಮ ಮೇಲಿದ್ದಾಳೆ... ನಾನು ಬರೆದದ್ದು ತಪ್ಪು. ಹೋಗು, ಮಗು."

ಹೋಗಲಿಲ್ಲ. ಅವನಿಗೆ ಅಳು ಬಂತು.

ಫ್ರೂಮಾ ಬರಿಗಾಲಲ್ಲಿ ಇಳಿದು ಬಂದಳು. "ನಿನ್ನ ಹತ್ರ ಯಾಕೋ ನಿಂತ್ಲು?"

ಹೇಳಿದ. ಹೇಳದೆ ಇರಲು ಆಗಲಿಲ್ಲ.

ಅವಳು ಬೈಯಲಿಲ್ಲ. ಗೋಡೆ ಹಿಡಿದು ಮೆಟ್ಟಿಲ ಮೇಲೆ ಕೂತಳು. "ಹಾಗಾದ್ರೆ... ಅವಳಿಗೂ ಗೊತ್ತಾಗಿಹೋಯ್ತು," ಅಂದಳು.

ಅಮ್ನೋನ್ ಆ ಆಶೀರ್ವಾದದ ಮಾತು ತೆಗೆದು ಪದ್ಯವನ್ನು ಮತ್ತೆ ಅಚ್ಚು ಹಾಕಿಸಿದ. ಆದರೂ ಸದ್ದು ದಿನಾ ರಾತ್ರಿ ಅವನ ಬಾಗಿಲಲ್ಲೇ ನಿಲ್ಲುತ್ತಿತ್ತು, ಮೇಲೆ ಹತ್ತಲೇ ಇಲ್ಲ. ಫ್ರೂಮಾ ಸಾಯುವ ತನಕ ರಾತ್ರಿ ಬಾಗಿಲು ತೆರೆದೇ ಇಟ್ಟಳು. ಅವನೂ ಆ ಮನೆ ಬಿಡಲಿಲ್ಲ. ಆ ಮಗುವನ್ನು ಬಿಟ್ಟು ಎಲ್ಲಿಗೆ ಹೋಗುವುದು?

ಈಗ ಅವನೂ ಇಲ್ಲ. ಮನೆಯ ಬೀಗದಕೈ ನನ್ನ ಹತ್ತಿರ ಇದೆ. ಪ್ರತಿ ಹಬ್ಬಕ್ಕೆ ಬಾಗಿಲಿಗೆ ನಾನೇ ಬಣ್ಣ ಬಳಿಯುತ್ತೇನೆ. ಹೊರಬದಿಯಲ್ಲಿ, ನನ್ನ ಸೊಂಟದೆತ್ತರಕ್ಕೆ, ಪುಟ್ಟ ಅಂಗೈಯಗಲ ಜಾಗದಲ್ಲಿ ಮತ್ತೆ ಬಣ್ಣ ಸವೆದುಹೋಗುತ್ತದೆ. ನಂಬದಿದ್ದರೆ ಬನ್ನಿ, ಮುಟ್ಟಿ ನೋಡಿ.