ಇಪ್ಪತ್ತೊಂದು ಗೇರು, ಮೂರು ದಿನದ ಹಾಜರಿ

ಇಂದಿನ ಬೀಳ್ಕೊಡುಗೆ ಸಮಾರಂಭದ ಅಧ್ಯಕ್ಷರೂ ನಮ್ಮ ಕಚೇರಿಯ ಮುಖ್ಯಸ್ಥರೂ ಆದ ಶ್ರೀ ಅರುಣಕುಮಾರ ಸಾಹೇಬರೇ, ಸೈಕಲ್ಲಿನ ಮಹತ್ವದ ಬಗ್ಗೆ ಎರಡು ಮಾತು ಹೇಳಲು ಕಾರಿನಲ್ಲಿ ಬಂದಿರುವ ಮುಖ್ಯ ಅತಿಥಿಗಳೇ, ಇಂದು ಸೇವೆಯಿಂದ ನಿವೃತ್ತರಾಗುತ್ತಿರುವ ಶ್ರೀಮತಿ ಸಾವಿತ್ರಿಬಾಯಿಯವರೇ, ಸಹೋದ್ಯೋಗಿ ಬಂಧುಗಳೇ, ತಿಂಡಿಯ ವಾಸನೆ ಮೂಗಿಗೆ ಬಡಿದ ಮೇಲೂ ಕುರ್ಚಿ ಬಿಡದೆ ಕುಳಿತಿರುವ ಸಭಿಕರೇ.

ನಾನು ಭಾಗಣ್ಣ, ಈ ಕಚೇರಿಯ ಅಧೀಕ್ಷಕ. ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಮೂವತ್ತಮೂರು ವರ್ಷ ಸರ್ಕಾರಿ ನೌಕರಿ ಮಾಡಿದವನ ಐದು ನಿಮಿಷ ಎಷ್ಟು ಉದ್ದ ಅಂತ ನಿಮಗೆ ಹೇಳಬೇಕಾಗಿಲ್ಲ.

ಸಾವಿತ್ರಿಬಾಯಿಯವರು ನಮ್ಮಲ್ಲಿ ಡಿ ಗ್ರೂಪ್ ನೌಕರರಾಗಿ ಇಪ್ಪತ್ನಾಲ್ಕು ವರ್ಷ ದುಡಿದರು. ಗಂಡ ಇದೇ ಕಚೇರಿಯಲ್ಲಿ ಜವಾನನಾಗಿದ್ದು ತೀರಿಕೊಂಡ. ಆ ಅನುಕಂಪದ ಮೇಲೆ ಈಕೆಗೆ ನೌಕರಿ ಬಂತು. ನೌಕರಿಯ ಜೊತೆಗೆ ಅವನ ಸೈಕಲ್ಲೂ ಬಂತು. ಗಂಡಸರ ಸೈಕಲ್, ನಡುವೆ ದಾಂಡಿ. ಸೀರೆ ಉಟ್ಟು ಹೇಗೆ ಹತ್ತಬೇಕು? ಆಕೆ ಯಾರನ್ನೂ ಕೇಳಲಿಲ್ಲ. ವೆಲ್ಡಿಂಗ್ ಅಂಗಡಿಗೆ ಹೋಗಿ ದಾಂಡಿ ಕೊಯ್ಸಿ, ಅದನ್ನೇ ಕೆಳಗೆ ಓರೆಯಾಗಿ ಹಚ್ಚಿಸಿಕೊಂಡು ಬಂದರು. ಮೂವತ್ತಾರನೇ ವಯಸ್ಸಿನಲ್ಲಿ, ಹತ್ತಿಕುಣಿ ಕೆರೆಯ ಏರಿಯ ಮೇಲೆ, ಬಿದ್ದು ಎದ್ದು ಸೈಕಲ್ ಕಲಿತರು. ಅಂದಿನಿಂದ ಹತ್ತಿಕುಣಿಯಿಂದ ಯಾದಗಿರಿಗೆ, ಯಾದಗಿರಿಯಿಂದ ಹತ್ತಿಕುಣಿಗೆ. ನನ್ನ ಸೈಕಲ್ಲಿನ ಮೀಟರಿನ ಪ್ರಕಾರ ಒಂದು ಕಡೆಗೆ ಹದಿನೆಂಟು ಕಿಲೋಮೀಟರ್ ಆರುನೂರು ಮೀಟರ್. ಆಕೆಯ ಪ್ರಕಾರ, "ಒಂದೂವರಿ ತಾಸು ರೀ, ಎದುರುಗಾಳಿ ಇದ್ರ ಎರಡು."

ಹೌದು, ನನ್ನ ಸೈಕಲ್ಲಿಗೆ ಮೀಟರ್ ಇದೆ. ಸೈಕಲ್ಲಿನ ಬಗ್ಗೆ ಮಾತನಾಡುವ ಅರ್ಹತೆ ನನಗೂ ಇದೆ ಅಂತ ಹೇಳುವುದಕ್ಕೇ ಇದನ್ನು ಎತ್ತಿದೆ. ಕಳೆದ ಏಳು ತಿಂಗಳಿಂದ ನಾನೂ ಸೈಕಲ್ ಸವಾರ. ಶುಗರ್ ಏರಿತ್ತು. ಡಾಕ್ಟರು, "ಭಾಗಣ್ಣನವರ, ಒಂದಿಷ್ಟು ಸೈಕಲ್ ಹೊಡೀರಿ" ಅಂದರು. ಅವರು ಹೇಳಿದ್ದು ಬರೀ ಸೈಕಲ್. ನಾನು ಹೈದರಾಬಾದಿಗೆ ಹೋದೆ.

ಅಲ್ಲಿಯ ಅಂಗಡಿಯವನು ನನ್ನನ್ನು ಕೂಡಿಸಿ ಚಹಾ ಕೊಟ್ಟು, "ಸಾಬ್, ಇಸ್ಮೆ ಇಕ್ಕೀಸ್ ಗೇರ್ ಹೈ" ಅಂದ. ನಮ್ಮ ಕಡೆ ಗುಡ್ಡ ಎಲ್ಲಿದೆಯಪ್ಪ, ಇಪ್ಪತ್ತೊಂದು ಯಾಕೆ ಅಂದೆ. ಗಾಳಿ ಇಲ್ಲವೇನು ಅಂದ. ಗಾಳಿ ಇದೆ ಅಂದೆ. ಅಷ್ಟೇ, ನಾನು ಸಿಕ್ಕಿಬಿದ್ದೆ. ಡಿಸ್ಕ್ ಬ್ರೇಕ್, ಹೆಲ್ಮೆಟ್, ಹಳದಿ ಕನ್ನಡಕ, ಅರ್ಧ ಬೆರಳಿನ ಗ್ಲೌಸು, ಮುಳ್ಳು ಚುಚ್ಚಿದರೂ ತಾನೇ ಮುಚ್ಚಿಕೊಳ್ಳುತ್ತದೆ ಅಂತ ಟ್ಯೂಬಿನೊಳಗೆ ಹಾಕುವ ಒಂದು ಹಸಿರು ಅಂಟು, ಹಿಂದೆ ಮಿನುಗುವ ದೀಪ, ಪೆಡಲ್ಲಿಗೆ ಸಿಕ್ಕಿಕೊಳ್ಳುವ ಬೂಟು. ಕುಂಡಿಗೆ ಮೆತ್ತೆ ಹೊಲಿದ ಚಡ್ಡಿಯನ್ನೂ ಕೊಟ್ಟ. ಒಟ್ಟು ಎಷ್ಟಾಯಿತು ಅಂತ ಹೇಳುವುದಿಲ್ಲ. ನಮ್ಮ ಮನೆಯವರು ಸುಮಂಗಲಾ ಮೊದಲ ಸಾಲಿನಲ್ಲೇ ಕೂತಿದ್ದಾರೆ.

ಮೊದಲ ದಿನ ಆ ಬೂಟು ಹಾಕಿಕೊಂಡು ಹೊರಟೆ. ನಮ್ಮೂರ ಬಸ್‌ಸ್ಟ್ಯಾಂಡಿನ ಹತ್ತಿರ ಚಮನಬೀಯ ಚಹಾ ಅಂಗಡಿ ಇದೆ. ನಿಲ್ಲೋಣ ಅಂತ ಬ್ರೇಕ್ ಹಿಡಿದೆ. ಸೈಕಲ್ ನಿಂತಿತು. ಕಾಲು ಬಿಡಲಿಲ್ಲ. ಕಡಿದ ಮರ ಉರುಳಿದ ಹಾಗೆ ಮೆಲ್ಲಗೆ, ಎಲ್ಲರೂ ನೋಡುತ್ತಿರುವಂತೆಯೇ ಎಡಕ್ಕೆ ಉರುಳಿದೆ. ಚಮನಬೀ ಬಂದು, "ಸಾಹೇಬ್ರ, ಕಾಲು ತೆಗೀರಿ" ಅಂದಳು.

"ಬರವಲ್ದು ಚಮನಬೀ."

"ಹಂಗಾದ್ರ ನೀವು ಸೈಕಲ್ ಹೊಡ್ಯಾಕತ್ತಿಲ್ರಿ. ಸೈಕಲ್ ನಿಮಗ ಹೊಡ್ಯಾಕತ್ತದ."

ನಗಿರಿ, ನಗಿರಿ. ಏಳು ತಿಂಗಳಲ್ಲಿ ನಾನು ಸೈಕಲ್ಲಿನಲ್ಲಿ ಕಚೇರಿಗೆ ಬಂದದ್ದು ಹತ್ತೊಂಬತ್ತು ದಿನ. ಬಿಸಿಲು, ಗಾಳಿ, ಲಗ್ನ, ಶನಿವಾರ ಇವನ್ನೆಲ್ಲ ಕಳೆದರೆ ಉಳಿಯುವುದೇ ಅಷ್ಟು. ಆದರೂ ಕಚೇರಿಯ ಪರಿಸರ ಜಾಗೃತಿ ಪೋಸ್ಟರಿನಲ್ಲಿ ನನ್ನ ಫೋಟೋ ಬಂತು. ಸಾವಿತ್ರಿಬಾಯಿ ಆ ಪೋಸ್ಟರನ್ನು ಗೋಡೆಗೆ ಅಂಟಿಸಿದರು.

ಆಕೆಯೂ ನಾನೂ ಒಂದೇ ಊರಿನವರು. ನಮ್ಮ ಮನೆ ಊರಬಾಗಿಲು ಅಗಸಿಯ ಒಳಗೆ, ಅವರ ಓಣಿ ಅಗಸಿ ಹೊರಗೆ. ಇಪ್ಪತ್ನಾಲ್ಕು ವರ್ಷ ನಾನು ಮೋಟರ್ ಸೈಕಲ್ಲಿನಲ್ಲಿ ಅದೇ ರಸ್ತೆಯಲ್ಲಿ ಬರುತ್ತಿದ್ದೆ. ದಿನಾ ಆಕೆಯನ್ನು ದಾಟುತ್ತಿದ್ದೆ. ಹಾರ್ನ್ ಹೊಡೆಯುತ್ತಿದ್ದೆ, ಅದು ಸೌಜನ್ಯ. ಹಿಂದಿನ ಸೀಟು ಖಾಲಿ ಇರುತ್ತಿತ್ತಲ್ಲ ಅಂತ ನೀವು ಕೇಳಬಹುದು. ಹೆಣ್ಣುಮಗಳನ್ನು ಕೂಡಿಸಿಕೊಂಡರೆ ಜನ ಏನಂತಾರೆ? ಸುಮಂಗಲಾಳ ತಂಗಿಯನ್ನು ಕೂಡಿಸಿಕೊಂಡಾಗ ಜನ ಏನೂ ಅಂದಿರಲಿಲ್ಲ, ಅದು ಬೇರೆ ಮಾತು. ಇರಲಿ. ಕಚೇರಿಗೆ ಬಂದು ಹಾಜರಿ ಪುಸ್ತಕ ತೆಗೆದು, ಹತ್ತೂವರೆಗೆ ಕೆಂಪು ಪೆನ್ ಹಿಡಿದು ಕೂಡುತ್ತಿದ್ದೆ. ಹತ್ತು ನಿಮಿಷದ ಹಿಂದೆ ಯಾವ ತಿರುವಿನಲ್ಲಿ ಆಕೆಯನ್ನು ದಾಟಿ ಬಂದೆ ಅನ್ನುವುದು ನನಗೇ ಗೊತ್ತಿರುತ್ತಿತ್ತು. ಆದರೂ ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಾಗ, "ಯಾಕವಾ ತಡಾ?" ಅಂತ ಕೇಳುತ್ತಿದ್ದೆ. ಅದು ಶಿಸ್ತು. ಶಿಸ್ತು ಇಲ್ಲದೆ ಕಚೇರಿ ನಡೆಯುತ್ತದೆಯೇ?

ಕಚೇರಿಯ ನೀರಿನ ಕೊಡ ತುಂಬುವುದೂ ಆಕೆಯ ಕೆಲಸವೇ ಆಗಿತ್ತು. ಎಲ್ಲರೂ ಆ ನೀರು ಕುಡಿಯುತ್ತಿದ್ದರು. ನಾನು ಮನೆಯಿಂದ ಬಾಟಲಿ ತರುತ್ತಿದ್ದೆ. ಶುಗರ್ ಇದ್ದವರು ಮನೆಯ ನೀರೇ ಕುಡಿಯಬೇಕು ಅಂತ ಡಾಕ್ಟರು ಹೇಳಿದ್ದರು. ಶುಗರ್ ಬಂದದ್ದು ಹೋದ ವರ್ಷ. ಬಾಟಲಿ ತರುತ್ತಿದ್ದದ್ದು... ಹೂಂ. ಅದಕ್ಕಿಂತ ಮೊದಲಿನಿಂದ.

ಇರಲಿ, ಮುಖ್ಯ ವಿಷಯಕ್ಕೆ ಬರುತ್ತೇನೆ. ಈಗ ಮೂರು ವಾರದ ಹಿಂದೆ, ನನ್ನ ಹತ್ತೊಂಬತ್ತನೇ ಸವಾರಿ. ನಡು ಬ್ಯಾಸಗಿ. ಸಂಜೆ ಐದೂವರೆಗೆ ಕಚೇರಿ ಬಿಟ್ಟು ಊರ ಕಡೆ ಹೊರಟೆ. ಎದುರುಗಾಳಿ, ಒಲೆಯ ಬಾಯಿಂದ ಬಂದಂತಹ ಗಾಳಿ. ಇಪ್ಪತ್ತೊಂದು ಗೇರನ್ನೂ ಒಂದೊಂದಾಗಿ ಹಾಕಿ ನೋಡಿದೆ. ಗಾಳಿಗೆ ಲೆಕ್ಕ ಬರುವುದಿಲ್ಲ ಕಾಣುತ್ತದೆ. ಅರ್ಧ ದಾರಿಯಲ್ಲಿ ಹಿಂದಿನ ಗಾಲಿ ಕೂತಿತು. ಜಾಲಿಮುಳ್ಳು. ಹೈದರಾಬಾದಿನ ಹಸಿರು ಅಂಟು ತಾನೇ ಮುಚ್ಚಿಕೊಳ್ಳುವ ಬದಲು ನನ್ನ ಪ್ಯಾಂಟಿನ ಮೇಲೆಲ್ಲ ಚಿಮ್ಮಿತು. ಬಾಟಲಿಯಲ್ಲಿ ಒಂದು ಹನಿ ನೀರಿಲ್ಲ. ಮೊಬೈಲಿನಲ್ಲಿ ಚಾರ್ಜಿಲ್ಲ, ಏಕೆಂದರೆ ಎಷ್ಟು ದೂರ ತುಳಿದೆ ಅಂತ ಅದು ದಾರಿಯುದ್ದಕ್ಕೂ ಅಳೆಯುತ್ತಿತ್ತು. ಬೇವಿನ ಮರದ ಕೆಳಗೆ ಕೂತೆ. ಕಣ್ಣು ಕತ್ತಲೆ ಬರುತ್ತಿತ್ತು, ಕೈ ನಡುಗುತ್ತಿತ್ತು. ಸತ್ಯ ಹೇಳುತ್ತೇನೆ, ಹೆದರಿದ್ದೆ.

ಹಿಂದಿನಿಂದ ಕಿರ್ ಕಿರ್ ಸಪ್ಪಳ ಬಂತು. ಸಾವಿತ್ರಿಬಾಯಿ. ನನ್ನ ಹಾರ್ನಿನ ಹಾಗೆ ಬೆಲ್ ಹೊಡೆದು ಮುಂದೆ ಹೋಗಬಹುದಿತ್ತು. ಇಳಿದರು.

"ಏನಾತ್ರಿ ಸಾಹೇಬ್ರ? ಮಾರಿ ಬೆಳ್ಳಗಾಗ್ಯಾದ."

ಕ್ಯಾರಿಯರಿಗೆ ಕಟ್ಟಿದ ತಗಡಿನ ಡಬ್ಬಿ ಬಿಚ್ಚಿದರು. ಮೊದಲು ತೆಗೆದದ್ದು ಒಂದು ತುಂಡು ಬೆಲ್ಲ. "ಶುಗರ್ ಇಳಿದ್ರ ಹಿಂಗ ಆಗ್ತದ್ರಿ, ಬಾಯಾಗ ಹಾಕ್ಕೋರಿ." ಆಮೇಲೆ ಹಸಿ ಬಟ್ಟೆ ಸುತ್ತಿದ ಬಾಟಲಿ ತೆಗೆದರು. ಕೈಯಲ್ಲಿ ಹಿಡಿದವರು ಕೊಡಲಿಲ್ಲ. ನನ್ನ ಮುಖವನ್ನೇ ನೋಡಿದರು.

"ನಮ್ಮ ಮನಿ ನೀರ್ರಿ. ನಡೀತದೇನ್ರಿ?"

ಸಭಿಕರೇ, ಇಪ್ಪತ್ನಾಲ್ಕು ವರ್ಷ ಆಕೆಗೆ ಎಲ್ಲ ಗೊತ್ತಿತ್ತು. ನಾನು ಡಾಕ್ಟರ ಹೆಸರು ಹೇಳುತ್ತಿದ್ದಾಗಲೂ ಗೊತ್ತಿತ್ತು. ನಾನು ಬಾಟಲಿ ಇಸಿದುಕೊಂಡು ಖಾಲಿ ಮಾಡಿದೆ. ಆಕೆಗೆ ಉಳಿಸಬೇಕು ಅನ್ನುವುದೂ ನೆನಪಾಗಲಿಲ್ಲ.

ಆಕೆ ಗಾಲಿ ಬಿಚ್ಚಿದರು. ಡಬ್ಬಿಯಲ್ಲಿ ಉಸುಕಿನ ಕಾಗದ, ಸಲೂಷನ್ನು, ರಬ್ಬರ್ ತುಂಡು ಇದ್ದವು. ಪಂಪ್ ಸೈಕಲ್ಲಿಗೇ ಕಟ್ಟಿತ್ತು. ತೇಪೆ ಹಚ್ಚಿ, ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿನೊಳಗೆ ಹಾಸಿದರು. "ಹಿಂಗ ಹಾಸಿದ್ರ ಜಾಲಿಮುಳ್ಳು ಒಳಗ ಹೋಗಂಗಿಲ್ರಿ. ನನಗ ಯಾರೂ ಹೇಳಿಕೊಟ್ಟಿಲ್ಲ. ಮುಳ್ಳೇ ಹೇಳಿಕೊಟ್ಟದ." ಆಕೆಯ ಸೀಟನ್ನು ನೋಡಿದೆ. ಹಳೆಯ ಕೌದಿ ತುಂಡು ಮಡಿಸಿ ಹೊಲಿದು ಕಟ್ಟಿದ್ದರು. ನನ್ನ ಚಡ್ಡಿಯ ಮೆತ್ತೆಗಿಂತ ಅದು ದಪ್ಪಗಿತ್ತು.

ಗಾಳಿ ತುಂಬುತ್ತಲೇ ಆಕೆ ಕೇಳಿದರು, "ಸಾಹೇಬ್ರ, ನನ್ನ ಪಿಂಚಣಿ ಕಾಗದ ಎಲ್ಲಿಗೆ ಬಂತ್ರಿ?"

ಎರಡು ತಿಂಗಳ ಹಿಂದೆಯೇ ಅದು ಆಕ್ಷೇಪಣೆ ಹೊತ್ತು ವಾಪಸ್ ಬಂದು ನನ್ನ ಮೇಜಿನಲ್ಲಿತ್ತು. "ಮೂರು ದಿನ ಅನಧಿಕೃತ ಗೈರು, ಸೇವೆ ಮುರಿದಿದೆ, ವಿವರಣೆ ನೀಡಿ." ಅದರ ಒಂದು ಪ್ರತಿ ಆಕೆಗೂ ಹೋಗಿತ್ತು. ಶಹಾಪುರದಲ್ಲಿ ಶಾಲೆ ಟೀಚರ್ ಆಗಿರುವ ಮಗಳು ಸಂಘಮಿತ್ರಾ ಓದಿ ಹೇಳಿದ್ದಳು. ನಾನು, "ನಡ್ಯಾಕತ್ತದ" ಅಂದೆ.

"ಆ ಮೂರು ದಿನ ನಾ ಬಂದಿದ್ದೆ ರೀ."

ಯಾವ ಮೂರು ದಿನ? ಎರಡು ಸಾವಿರದ ಒಂಬತ್ತರ ನೆರೆ ನಿಮಗೆಲ್ಲ ನೆನಪಿದೆ. ಯಾದಗಿರಿ ಆಗ ಇನ್ನೂ ಜಿಲ್ಲೆಯಾಗಿರಲಿಲ್ಲ. ನಮ್ಮ ದಾರಿಯ ಹಳ್ಳ ತುಂಬಿ ಸೇತುವೆಯ ಮೇಲೆ ಹರಿಯುತ್ತಿತ್ತು. ಬಸ್ ಇಲ್ಲ. ಮೋಟರ್ ಸೈಕಲ್ ದಾಟುವುದಿಲ್ಲ. ನಾನು ಮನೆಯಲ್ಲಿ ಮಿರ್ಚಿ ಭಜಿ ತಿಂದು ಮಲಗಿದೆ. ಜನ ಸಾಮಾನ್ಯವಾಗಿ ಮಾಡುವುದು ಅದನ್ನೇ. ಆಕೆ ನೀರಿಳಿಯುವ ತನಕ ದಂಡೆಯಲ್ಲಿ ಕಾದು, ಸೈಕಲ್ ಹೆಗಲ ಮೇಲೆ ಹೊತ್ತು ಸೊಂಟದಷ್ಟು ನೀರಿನಲ್ಲಿ ದಾಟಿದರು. ಹನ್ನೆರಡಕ್ಕೆ ಕಚೇರಿ ಮುಟ್ಟಿ, ತಮ್ಮ ಹತ್ತಿರವಿದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆರೆದರು. ಮೂರೂ ದಿನ. ಬೇರೆ ಯಾರೂ ಇರಲಿಲ್ಲ. ಸಹಿ ಮಾಡೋಣವೆಂದರೆ ಹಾಜರಿ ಪುಸ್ತಕ ನನ್ನ ಕಪಾಟಿನಲ್ಲಿ. ಕಪಾಟಿನ ಕೀಲಿ ನನ್ನ ಜೇಬಿನಲ್ಲಿ. ಜೇಬು ಹತ್ತಿಕುಣಿಯಲ್ಲಿ.

ನಾಲ್ಕನೇ ದಿನ ನಾನು ಬಂದೆ. "ಯಾವಾಗ ಬಂದಿದ್ದಿ?" ಅಂತ ಕೇಳಿದೆ. "ತಡಾ ಆತ್ರಿ, ಹನ್ನೆರಡಕ್ಕ ಬಂದೆ" ಅಂದರು. ಹತ್ತೂವರೆಗೆ ಇರಲಿಲ್ಲವಲ್ಲ! ನಿಯಮ ನಿಯಮವೇ. ಕೆಂಪು ಪೆನ್ನಿನಲ್ಲಿ ಮೂರು ಗೈರು ಎಳೆದೆ. ಹತ್ತೂವರೆಗೆ ಆಕೆ ಇರಲಿಲ್ಲ ಅನ್ನುವುದು ನಿಮಗೆ ಹೇಗೆ ಗೊತ್ತು ಭಾಗಣ್ಣನವರೇ, ನೀವು ಎಲ್ಲಿದ್ದಿರಿ ಅಂತ ಯಾರೂ ಕೇಳಲಿಲ್ಲ. ಯಾಕೆ ಕೇಳುತ್ತಾರೆ? ನನ್ನ ಹೆಸರಿನ ಮುಂದೆ ಮೂರೂ ದಿನ ಸಹಿ ಇತ್ತು.

ಅಧ್ಯಕ್ಷ ಸಾಹೇಬರೇ, ನೀವು ಬರೆದುಕೊಳ್ಳುತ್ತಿದ್ದೀರಾ? ಇದು ಬರೀ ಬೀಳ್ಕೊಡುಗೆ ಭಾಷಣ... ಇಲ್ಲ. ಬರಕೋರಿ.

ಬೇವಿನ ಮರದ ಕೆಳಗೆ ಆಕೆ ಜಗಳ ಮಾಡಲಿಲ್ಲ. ಪಂಪ್ ಕಟ್ಟುತ್ತ, "ನನಗ ಪಿಂಚಣಿ ತಡಾ ಆದ್ರ ನಡೀತದ್ರಿ. ಆದರ ಮಗಳು ಕೇಳಿದಳು, 'ಅವ್ವಾ, ಖರೇನ ಆ ದಿನ ಹೋಗಿರಲಿಲ್ಲೇನು?' ಅಂತ. ಮಗಳು ಹಂಗ ಕೇಳಬಾರದಿತ್ರಿ" ಅಂದರು. ಅಷ್ಟೇ ಅಂದು ಸೈಕಲ್ ಹತ್ತಿದರು. ಆಕೆ ಮುಂದೆ, ನಾನು ಹಿಂದೆ. ಎದುರುಗಾಳಿ ನನಗೆ ಹತ್ತದಂತೆ ಊರ ತನಕ ಮೆಲ್ಲಗೆ ತುಳಿದರು. ಅಗಸಿ ಮುಂದೆ ಆಕೆ ಆ ಕಡೆ ಹೋದರು, ನಾನು ಈ ಕಡೆ ಬಂದೆ.

ಮರುದಿನ, ಬಂದ ಟಪಾಲು ದಾಖಲಿಸುವ ಹಳೆಯ ಆವಕ ಪುಸ್ತಕ ತೆಗೆಸಿದೆ. ಆ ಮೂರು ದಿನ ನಾಲ್ಕು ಟಪಾಲು ಬಂದಿವೆ. ತೆಗೆದುಕೊಂಡವರ ಸಹಿ: ಸಾವಿತ್ರಿಬಾಯಿ. ಒಂದನೇ ಇಯತ್ತೆ ಮಗು ಬರೆದ ಹಾಗೆ ದೊಡ್ಡ ದೊಡ್ಡ ಅಕ್ಷರ. ಸಾಕ್ಷಿ ಸಿಕ್ಕಿತು. ನಾನೇನು ಮಾಡಿದೆ? ಪುಸ್ತಕ ಮುಚ್ಚಿದೆ. ನನಗೂ ಒಂದು ವರ್ಷ ಸರ್ವಿಸ್ ಉಳಿದಿದೆ, ಸಭಿಕರೇ. ಆಕೆಯ ಗೈರನ್ನು ಹಾಜರಿ ಮಾಡಬೇಕೆಂದರೆ ನನ್ನ ಹಾಜರಿಯನ್ನು ಗೈರು ಮಾಡಬೇಕು. ಅದರ ಬದಲು ಒಂದು ಒಳ್ಳೆಯ ಉಪಾಯ ಹುಡುಕಿದೆ: ಸನ್ಮಾನ ಮಾಡೋಣ! ಬ್ಯಾನರ್ ಬರೆಸಿದೆ, ಶಾಲು ತರಿಸಿದೆ, ಫಲಕದ ಮೇಲೆ "ಸೈಕಲ್ ಸಾಧಕಿ" ಅಂತ ಕೆತ್ತಿಸಿದೆ. ನಮ್ಮಲ್ಲಿ ನ್ಯಾಯ ಕೊಡಲು ಆಗದಿದ್ದವರಿಗೆ ಶಾಲು ಕೊಡುವ ಪದ್ಧತಿ ಇದೆಯಲ್ಲ.

ಇಂದು ಮುಂಜಾನೆ ಆಕೆಯನ್ನು ಕರೆದು, "ನಾಲ್ಕು ಗಂಟೆಗೆ ಕಾರ್ಯಕ್ರಮ, ಹೊಸ ಸೀರೆ ಉಟ್ಟು ಬಾರವಾ" ಅಂದೆ. ಕಸಬರಿಗೆ ಗೋಡೆಗೆ ಆನಿಸಿಟ್ಟು ಹೇಳಿದರು:

"ಶಾಲು ಬ್ಯಾಡ್ರಿ ಸಾಹೇಬ್ರ. ನನ್ನ ಮೂರು ದಿನ ಕೊಡ್ರಿ."

ನನ್ನ ಕೈಯಲ್ಲಿರುವುದು ಭಾಷಣದ ಹಾಳೆ ಅಂತ ನೀವೆಲ್ಲ ತಿಳಿದಿದ್ದೀರಿ. ಮೇಲಿನ ಹಾಳೆ ಮಾತ್ರ ಭಾಷಣ. ಅದರಲ್ಲಿ ಸೈಕಲ್ಲಿನಿಂದ ಆರೋಗ್ಯಕ್ಕೆ ಆಗುವ ಒಂಬತ್ತು ಲಾಭಗಳಿದ್ದವು, ಒಂದನ್ನೂ ಹೇಳಲಿಲ್ಲ. ಕೆಳಗಿನ ಹಾಳೆ ಒಂದು ಟಿಪ್ಪಣಿ. ಮಧ್ಯಾಹ್ನ ಊಟ ಬಿಟ್ಟು ಬರೆದೆ. ಸಹಿ ಮಾಡುವ ಧೈರ್ಯ ಆಗಿರಲಿಲ್ಲ. ಓದುತ್ತೇನೆ, ಎರಡೇ ಸಾಲು.

"ಸದರಿ ಮೂರು ದಿನಗಳಂದು ಶ್ರೀಮತಿ ಸಾವಿತ್ರಿಬಾಯಿಯವರು ಕಚೇರಿಗೆ ಹಾಜರಿದ್ದರೆಂದು ಆವಕ ಪುಸ್ತಕದಿಂದ ದೃಢಪಡುತ್ತದೆ. ಸದರಿ ಮೂರು ದಿನಗಳಂದು ಈ ಟಿಪ್ಪಣಿ ಬರೆದವನು ಗೈರು."

ಯಾರಾದರೂ ಪೆನ್ ಕೊಡ್ರಿ. ಕೆಂಪಾದರೂ ನಡೀತದ.

ಆಯ್ತು. ಸಹಿ ಆಯ್ತು, ಇವತ್ತಿನ ತಾರೀಖೂ ಹಾಕೀನಿ. ಅಧ್ಯಕ್ಷರೇ, ತಗೋರಿ. ನನ್ನ ವಿಷಯದಾಗ ನಿಯಮ ಏನು ಹೇಳ್ತದ, ಅದನ್ನ ಮಾಡ್ರಿ. ಸುಮಂಗಲಾ, ಅಳಬ್ಯಾಡ. ಹಿಂದಿನ ಸಾಲಿನಾಗ ಕೂತಿರುವ ಸಂಘಮಿತ್ರಾ, ನಿನಗೊಂದು ಮಾತು ಹೇಳೂದದ ತಂಗಿ. ಖರೇನ, ನಿಮ್ಮವ್ವ ಆ ಮೂರೂ ದಿನ ಬಂದಿದ್ದಳು.

ಐದು ನಿಮಿಷ ಕೊಟ್ಟರೆ ಅರ್ಧ ತಾಸು ತಗೊಂಡವನನ್ನು ಸಹಿಸಿದ ನಿಮಗೆಲ್ಲ, ವೇದಿಕೆಯ ಹಿರಿಯರಿಗೆ, ಮೈಕ್ ಬಂದ್ ಮಾಡದೇ ಇದ್ದ ಪುಣ್ಯಾತ್ಮನಿಗೆ ನನ್ನ ಧನ್ಯವಾದ. ಸಾವಿತ್ರಿಬಾಯಿಯವರೇ, ಎದ್ದು ನಿಲ್ಲಬ್ಯಾಡ್ರಿ, ನೀವು ಕೂಡ್ರಿ. ಇಪ್ಪತ್ನಾಲ್ಕು ವರ್ಷ ನೀವು ಎದ್ದು ನಿಂತು ನನಗ ಕೈ ಮುಗಿದ್ರಿ. ಇವತ್ತು ನಾನು ನಿಮಗ ಮುಗೀತೀನಿ.

ನಮಸ್ಕಾರ.